ಹೊನ್ನೆ ಮರ ಯಾವುದಕ್ಕೆಲ್ಲ ಬರುತ್ತದೆ? ಬಾಗಿಲು ಮಾಡಿಸಬಹುದಾ?

ಧಾರಾಳವಾಗಿ ಮಾಡಿಸಬಹುದು. ಹೊನ್ನೆ ನಮ್ಮ ಮಲೆನಾಡಿನ ಕಾಡುಗಳಲ್ಲಿ ಬೆಳೆಯುವ ಗಟ್ಟಿ ಮರ. ತೇಗಕ್ಕಿಂತ ತೂಕ ಜಾಸ್ತಿ, ಗೆದ್ದಲಿನ ಕಾಟ ಕಡಿಮೆ. ತೊಲೆ, ಬಾಗಿಲು, ಕಿಟಕಿ ಚೌಕಟ್ಟು, ಗಾಡಿ, ನೇಗಿಲು, ಮಂಚ ಎಲ್ಲಕ್ಕೂ ಬಳಸುತ್ತಾರೆ. ಒಂದೇ ತೊಂದರೆ, ಒದ್ದೆಯಾದರೆ ಹಳದಿ ಬಣ್ಣ ಬಿಡುತ್ತದೆ. ಸುಣ್ಣದ ಗೋಡೆಗೆ ಅಂಟಿದರೆ ಕಲೆ ಗ್ಯಾರಂಟಿ. ಹಾಗಾಗಿ ಚೆನ್ನಾಗಿ ಒಣಗಿದ ಮರವನ್ನೇ ತೆಗೆದುಕೊಳ್ಳಿ, ಪಾಲಿಶ್ ಹಾಕಿಸಿ.

ಈ ಬಣ್ಣದ್ದೇ ಒಂದು ತಮಾಷೆ ಇದೆ. ಹೊನ್ನೆಯ ಕೆಚ್ಚಿನ, ಅಂದರೆ ಮರದ ಒಳಗಿನ ಗಟ್ಟಿ ಭಾಗದ, ಚೂರೊಂದನ್ನು ಗಾಜಿನ ಲೋಟದ ನೀರಿಗೆ ಹಾಕಿಡಿ. ಸ್ವಲ್ಪ ಹೊತ್ತಿಗೆ ನೀರು ಕಂದು ಹಳದಿಗೆ ತಿರುಗುತ್ತದೆ. ಲೋಟವನ್ನು ಬಿಸಿಲಿಗೆ ಹಿಡಿದು ಓರೆಯಾಗಿ ನೋಡಿದರೆ ಅಂಚಿನಲ್ಲಿ ನೀಲಿ ಹೊಳಪು! ಮರ ಕೊಳ್ಳುವಾಗ ಹೊನ್ನೆ ಹೌದೋ ಅಲ್ಲವೋ ಅಂತ ಅನುಮಾನ ಬಂದರೆ ಇದನ್ನು ಮಾಡಿ ನೋಡಬಹುದು. ತೊಗಟೆಗೆ ಕಚ್ಚು ಹಾಕಿದರೆ ರಕ್ತದಂಥ ಕೆಂಪು ಅಂಟು ಒಸರುತ್ತದೆ. ಅದು ಒಗರು, ಭೇದಿಗೆ ನಾಟಿ ಔಷಧಿ.

ಈ ಮರದ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿದರೆ ಸಕ್ಕರೆ ಕಾಯಿಲೆಗೆ ಒಳ್ಳೆಯದು ಅಂತ ಮಾರುತ್ತಾರೆ ಅಲ್ವಾ? ಆಯುರ್ವೇದದಲ್ಲಿ ಇದರ ಬಳಕೆ ಹಳೆಯದು, ನಿಜ. ಆದರೆ ಲೋಟ ನಂಬಿ ಡಾಕ್ಟರ್ ಕೊಟ್ಟ ಮಾತ್ರೆ ಬಿಡಬೇಡಿ.

ಅಂದಹಾಗೆ, ನಿಮ್ಮ ಜಮೀನಿನಲ್ಲೇ ಹೊನ್ನೆ ಇದ್ದರೂ ಸುಮ್ನೆ ಕಡಿಯುವಂತಿಲ್ಲ. ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.