ಬಲಗಿವಿ ಕೇಳುತ್ತೆ, ಎಡಗಿವಿಗೂ ಮಷಿನ್ ಬೇಕಾ?

ಪ್ರಶ್ನೆ: ಮೇಡಂ, ನನ್ನ ಮಗಳಿಗೆ ಹುಟ್ಟಿನಿಂದ ಎರಡೂ ಕಿವಿ ಕೇಳುವುದಿಲ್ಲ. 2 ವರ್ಷ ತುಂಬಿದಾಗ ಬಲಗಿವಿಗೆ ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಕಿವಿಯೊಳಗೆ ತಂತಿ ಕೂರಿಸಿ, ಹೊರಗಿನ ಮಷಿನ್ ಹಿಡಿದ ಸದ್ದನ್ನು ನರಕ್ಕೆ ಮುಟ್ಟಿಸುವುದು) ಆಯಿತು. ಈಗ ಅವಳಿಗೆ 3 ವರ್ಷ 4 ತಿಂಗಳು. ‘ಅಮ್ಮಾ ನೀರು’ ಅನ್ನುತ್ತಾಳೆ. ಡಾಕ್ಟರು ಎಡಗಿವಿಗೂ ಮಾಡಿಸಿ ಎನ್ನುತ್ತಿದ್ದಾರೆ. ನನ್ನ ಮೈದುನ ಮೊಬೈಲಿನಲ್ಲಿ ಓದಿಕೊಂಡು, ‘ಬಲಗಿವಿ ಎಡಮಿದುಳಿಗೆ ಹೋಗುತ್ತೆ, ಮಾತು ಇರೋದೂ ಅಲ್ಲೇ, ಇನ್ನೊಂದು ಸುಮ್ನೆ ಖರ್ಚು’ ಅಂತಾನೆ. ಕನ್ನಡ ಬಿಟ್ಟು ಹಿಂದಿ ಮಾತ್ರ ಆಡಬೇಕಾ ಅನ್ನೋದೂ ಗೊಂದಲ.
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ತಂಗಿ, ನಿಮ್ಮ ಮೈದುನ ಓದಿದ್ದು ಸುಳ್ಳಲ್ಲ. ಅರ್ಧಕ್ಕೇ ನಿಲ್ಲಿಸಿದ್ದಾರೆ. ಹೆಚ್ಚಿನವರಲ್ಲಿ ಮಾತಿನ ಕೆಲಸ ಮಿದುಳಿನ ಎಡಭಾಗದಲ್ಲೇ ಜಾಸ್ತಿ. ಬಲಗಿವಿಯಿಂದ ಅಲ್ಲಿಗೆ ಹೋಗುವ ದಾರಿ ಅಗಲ, ಅದೂ ನಿಜ. ಆದರೆ ಪ್ರತಿ ಕಿವಿಯಿಂದಲೂ ಎರಡೂ ಭಾಗಕ್ಕೆ ದಾರಿ ಇದೆ. ಎಡಗಿವಿಗೆ ಬಿದ್ದ ಮಾತು ದಾರಿ ತಪ್ಪುವುದಿಲ್ಲ.

ನನ್ನ ಚಿಂತೆ ಬೇರೆ. ಸದ್ದು ಒಂದೇ ಕಿವಿಯಿಂದ ಬರುತ್ತಿದ್ದರೆ ಮಿದುಳು ಆ ಕಿವಿಯ ಪಕ್ಷ ಸೇರಿಬಿಡುತ್ತೆ. ಟೊರಾಂಟೊದ ಕ್ಯಾರೆನ್ ಗಾರ್ಡನ್ ಅವರ ತಂಡ ಮಕ್ಕಳ ಮಿದುಳಿನ ಅಲೆಗಳನ್ನು ಅಳೆದು 2013ರಲ್ಲಿ ಇದನ್ನೇ ತೋರಿಸಿತು. ಒಂದೂವರೆ ವರ್ಷಕ್ಕಿಂತ ಜಾಸ್ತಿ ಒಂದೇ ಕಿವಿಯಲ್ಲಿ ಕಳೆದವರಿಗೆ ಆಮೇಲೆ ಎರಡನೆಯದು ಹಾಕಿದರೂ ಮೊದಲನೆಯದರ ಯಜಮಾನಿಕೆ ಹೋಗಿರಲಿಲ್ಲ. ನಿಮ್ಮ ಮಗಳಿಗೆ ಒಂದು ವರ್ಷ ನಾಲ್ಕು ತಿಂಗಳಾಗಿದೆ. ಆ ದಿನ ದಾಟಿದರೆ ಬಾಗಿಲು ಮುಚ್ಚುತ್ತೆ ಅಂತಲ್ಲ, ಆದರೆ ಗಣಪತಿ ಆಗಲಿ, ದೀಪಾವಳಿ ಆಗಲಿ ಅಂತ ಮುಂದೂಡಬೇಡಿ.

ಮುಲುಂಡ್‌ನಲ್ಲಿ ನನ್ನ ಹತ್ತಿರ ಬರುತ್ತಿದ್ದ ಒಬ್ಬ ಹುಡುಗನಿಗೂ ಬಲಗಿವಿಗೆ ಮಾತ್ರ ಇಂಪ್ಲಾಂಟ್ ಆಗಿತ್ತು. ಎಡಗಡೆ ಬೆನ್ನ ಹಿಂದೆ ಗೆಜ್ಜೆ ಅಲ್ಲಾಡಿಸಿದರೆ ಬಲಕ್ಕೇ ತಿರುಗುತ್ತಿದ್ದ. ಆಮೇಲೆ ಕುರ್ಚಿ ಕೆಳಗೆ ಬಗ್ಗಿ ಹುಡುಕುತ್ತಿದ್ದ. ಎರಡು ಕಿವಿ ಇದ್ದರೆ ಸದ್ದು ಹತ್ತಿರದ ಕಿವಿಗೆ ಜೋರು, ತಲೆ ಅಡ್ಡ ಬಂದು ಆಚೆ ಕಿವಿಗೆ ಮೆಲ್ಲಗೆ. ಆ ವ್ಯತ್ಯಾಸ ಸಿಗದಿದ್ದರೆ ‘ಎಲ್ಲಿಂದ’ ಅನ್ನೋದೇ ಗೊತ್ತಾಗಲ್ಲ. ನಿಮ್ಮ ಸ್ಟೇಷನ್ ರಸ್ತೆಯ ರಿಕ್ಷಾ ಹಾರ್ನ್ ನೆನೆಸಿಕೊಳ್ಳಿ.

ಎರಡನೆಯದು ಹಾಕಿದ ಮೇಲೆ ಅವನ ತಾಯಿ ಹೆದರಿದ್ದರು. ಹಳೇ ಮಷಿನ್ ತೆಗೆದರೆ ಸಾಕು, ಅಳು. ಹೊಸ ಕಿವಿಗೆ ಇನ್ನೂ ಅದು ಬರೀ ಗದ್ದಲ, ಅಲ್ವಾ? ದಿನಾ ಬೆಳಿಗ್ಗೆ ಅರ್ಧ ಗಂಟೆ ಹೊಸದೊಂದೇ ಇಟ್ಟು ಆಡಿಸಿ ಅಂದೆ. ಅವರು ಹಿಂದೆ ಕೂತು ಆ, ಈ, ಊ, ಮ್, ಶ್, ಸ್ ಎಂದು ಒಂದೊಂದಾಗಿ ಹೇಳೋರು. ಕೇಳಿದರೆ ಅವನು ಡಬ್ಬಿಗೆ ಒಂದು ಬಳೆ ಹಾಕಬೇಕು. ಮೊದಲ ವಾರ ಮೂರೇ ಬಳೆ ಬಿತ್ತು. ‘ಸ್’ ಹಿಡಿಯೋದಕ್ಕೆ ತಿಂಗಳುಗಟ್ಟಲೆ ಹಿಡಿಯಿತು. ಈ ಆರು ಸದ್ದುಗಳ ಆಟ ನೀವು ಬಲಗಿವಿಗೂ ಇವತ್ತಿನಿಂದಲೇ ಆಡಬಹುದು. ಒಂದು ಸದ್ದು ದಿಢೀರನೆ ತಪ್ಪತೊಡಗಿದರೆ ಮಷಿನ್ ಸದ್ದಿನ ಮಟ್ಟ ಹೊಂದಿಸುವ ಮ್ಯಾಪಿಂಗ್‌ಗೆ ಹೋಗಿ.

ಹಾಕಿಸುವ ಮುಂಚೆ ಇನ್ನೊಬ್ಬರ ಅಭಿಪ್ರಾಯ ಬೇಕು ಅನ್ನಿಸಿದರೆ ಕಿವಿ ಕೇಳದವರಿಗಾಗಿ ಇರುವ ಬಾಂದ್ರಾದ ಅಲಿ ಯಾವರ್ ಜಂಗ್ ಸಂಸ್ಥೆಗೆ ಹೋಗಿ ಬನ್ನಿ.

ಕನ್ನಡ ಬಿಡಬೇಡಿ. ಮಗುವನ್ನು ಬೈಯುವಾಗ ನಿಮ್ಮ ಬಾಯಿಗೆ ಯಾವ ಮಾತು ಬರುತ್ತೋ ಅದರಲ್ಲೇ ಮಾತಾಡಿ. ಹಿಂದಿ, ಮರಾಠಿ ಅಂಗಳದಲ್ಲಿ ಸಿಗುತ್ತೆ.

ಮತ್ತೆ, ಈ ಮಳೆಗಾಲದಲ್ಲಿ ರಾತ್ರಿ ಮಷಿನ್‌ಅನ್ನು ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಮುಚ್ಚಿಡಿ. ಜುಲೈ ಬಂತೆಂದರೆ ನನ್ನಲ್ಲಿಗೆ ಬರುವ ದೂರುಗಳಲ್ಲಿ ಅರ್ಧ ಪಸೆಯದ್ದೇ.