ರಾಕ್ ಸ್ಲೈಡರ್: ಬೋಲ್ಟ್ ಹಾಕಿಸೋದಾ, ವೆಲ್ಡ್ ಮಾಡಿಸೋದಾ?

ಪ್ರಶ್ನೆ: ನನ್ನ ಹತ್ತಿರ ನಾಲ್ಕು ಬಾಗಿಲಿನ ಪಿಕಪ್ ಇದೆ. ತಗೊಂಡು ನಾಲ್ಕು ವರ್ಷ ಆಯಿತು. ವಾರವೆಲ್ಲ ಮಾಮೂಲಿ ಓಡಾಟ, ಬಿಡುವಾದಾಗ ಬಂಡೆಗಳ ದಾರಿಯಲ್ಲಿ ಆಫ್‌ರೋಡಿಂಗ್. ಹೋದ ಸಲ ಬಾಗಿಲ ಕೆಳಗಿನ ಅಂಚು ಕಲ್ಲಿಗೆ ಕೂತು ಒಳಕ್ಕೆ ಹೋಯಿತು. ಹಿಂದಿನ ಬಾಗಿಲು ಈಗ ಜೋರಾಗಿ ಬಡಿದರೆ ಮಾತ್ರ ಮುಚ್ಚುತ್ತದೆ. ಹಾಗಾಗಿ ರಾಕ್ ಸ್ಲೈಡರ್, ಅಂದರೆ ಬಾಗಿಲ ಕೆಳಗಿನ ಅಂಚನ್ನು ಬಂಡೆಯಿಂದ ಕಾಯುವ ಗಟ್ಟಿ ಸ್ಟೀಲ್ ಪೈಪು, ಹಾಕಿಸಬೇಕು ಅಂದುಕೊಂಡಿದ್ದೇನೆ. ಜೊತೆಯವರೆಲ್ಲ "ವೆಲ್ಡ್ ಮಾಡಿಸು, ಬೋಲ್ಟ್ ಹಾಕೋದೆಲ್ಲ ಶೋಕಿಗೆ" ಅಂತಾರೆ. ನನಗೆ ಚಾಸಿ (ಗಾಡಿಯ ಭಾರ ಹೊರುವ ಕೆಳಗಿನ ಚೌಕಟ್ಟು) ಮೇಲೆ ವೆಲ್ಡಿಂಗ್ ಅಂದ್ರೇನೇ ಭಯ. ಯಾವುದು ಸರಿ?

ಉತ್ತರ: ನೀವು ಬೋಲ್ಟ್ ಸ್ಲೈಡರ್ ಹಾಕಿಸಿ. ನಿಮ್ಮ ಬಳಕೆಗೆ ಅದು ಧಾರಾಳವಾಗಿ ಸಾಕು. ಆದರೆ ನೋಡಿ ಆರಿಸಬೇಕು. ಸ್ಲೈಡರ್ ಅಂತ ಮಾರುವ ಎಷ್ಟೋ ಸಾಮಾನು ಬರೀ ಫುಟ್‌ಬೋರ್ಡ್. ಗಾಡಿ ಹತ್ತಲು ಕಾಲಿಡಬಹುದು, ಬಂಡೆಗೆ ಕೂತರೆ ತಾನೂ ಮಡಚಿಕೊಂಡು ಬಾಗಿಲನ್ನೂ ಜಜ್ಜುತ್ತದೆ. ಫುಟ್‌ಬೋರ್ಡ್‌ನ ತೆಳು ಪಟ್ಟಿಗಳು ಎಷ್ಟೋ ಸಲ ಬಾಡಿಗೇ ಕಚ್ಚಿಕೊಂಡಿರುತ್ತವೆ. ನಿಜವಾದ ಸ್ಲೈಡರ್ ಚಾಸಿಯಿಂದ ಹೊರಟಿರುತ್ತದೆ.

ಜೊತೆಯವರ ವಾದ ಇಷ್ಟೇ: ಬೋಲ್ಟ್ ಕಿತ್ತು ಬರುತ್ತೆ, ವೆಲ್ಡ್ ಬರಲ್ಲ. ಒಂದು ಲೆಕ್ಕ ಹಾಕಿ ನೋಡೋಣ. ಗಾಡಿ 2 ಟನ್, ಅದರಲ್ಲಿ ಅರ್ಧ ಭಾರ ಒಂದು ಬದಿಯ ಸ್ಲೈಡರ್ ಮೇಲೆ ಕೂತಿತು ಅನ್ನಿ. ಅಂದರೆ ಬಂಡೆ ಕೆಳಗಿನಿಂದ 1 ಟನ್ ಬಲದಲ್ಲಿ ಮೇಲಕ್ಕೆ ಒತ್ತುತ್ತಿದೆ. ಸ್ಲೈಡರ್ ಪೈಪು ಚಾಸಿಯಿಂದ 20 ಸೆಂಟಿಮೀಟರ್ ಆಚೆ ಇದೆ. ಆ ಪೈಪನ್ನು ಚಾಸಿಗೆ ಸೇರಿಸುವ ಅಡ್ಡ ತುಂಡಿಗೆ ಕಾಲು ಅನ್ನೋಣ. ಅದರ ಬುಡದಲ್ಲಿ ಚಾಸಿಗೆ ಒರಗುವ ಪ್ಲೇಟಿನಲ್ಲಿ ಮೇಲಿನ ಬೋಲ್ಟಿಗೂ ಕೆಳಗಿನ ಬೋಲ್ಟಿಗೂ 10 ಸೆಂಟಿಮೀಟರ್ ಅಂತರ. ಸನ್ನೆಕೋಲಿನ ಲೆಕ್ಕದಲ್ಲಿ ಕೆಳಗಿನ ಬೋಲ್ಟನ್ನು ಸುಮಾರು 2 ಟನ್ ಬಲ ಹೊರಕ್ಕೆ ಎಳೆಯುತ್ತದೆ. ಇದು ಇಡೀ ಭಾರ ಒಂದೇ ಕಾಲಿಗೆ ಬಿದ್ದರೆ. ಸಾಮಾನ್ಯವಾಗಿ ಒಂದು ಬದಿಗೆ ಮೂರು ಅಥವಾ ನಾಲ್ಕು ಕಾಲು ಇರುತ್ತವೆ, ಭಾರ ಹಂಚಿಹೋಗುತ್ತದೆ.

ಇನ್ನು ಬೋಲ್ಟಿನ ಕಡೆ ನೋಡಿ. ತಲೆ ಮೇಲೆ 8.8 ಅಂತ (ಅದು ಬೋಲ್ಟಿನ ಗಟ್ಟಿತನದ ದರ್ಜೆ) ಕೊರೆದಿರುವ 12 ಮಿಲಿಮೀಟರಿನ ಬೋಲ್ಟ್ ಒಂದೇ ಸುಮಾರು 5 ಟನ್ ಎಳೆತವನ್ನು ಉದ್ದ ಆಗದೆ ತಡೆದುಕೊಳ್ಳುತ್ತದೆ. 10.9 ಅಂತಿದ್ದರೆ ಇನ್ನೂ ಜಾಸ್ತಿ. ಗಾಡಿ ಧೊಪ್ಪನೆ ಬಿದ್ದು ಬಲ ದುಪ್ಪಟ್ಟಾದರೂ ಬೋಲ್ಟ್ ಅಲ್ಲಾಡುವುದಿಲ್ಲ. ಮೊದಲು ಸೋಲುವುದು ಚಾಸಿಯ ಗೋಡೆ. ಎಷ್ಟೋ ಪಿಕಪ್‌ಗಳಲ್ಲಿ ಅದು ಬರೀ 3 ಮಿಲಿಮೀಟರ್ ಆಸುಪಾಸಿನ ಸ್ಟೀಲ್ ತಗಡು. ಬೋಲ್ಟ್ ಆಗಲಿ, ವೆಲ್ಡ್ ಆಗಲಿ, ಅಷ್ಟೂ ಬಲ ಒಂದು ಸಣ್ಣ ಜಾಗಕ್ಕೆ ನುಗ್ಗಿದರೆ ಗೋಡೆ ತಗ್ಗಾಗುತ್ತದೆ. ಆಮೇಲೆ ಬಿರುಕು ಬಿಡುತ್ತದೆ.

ಹಾಗಾಗಿ ಅಂಗಡಿಯಲ್ಲಿ ಮೊದಲು ಪ್ಲೇಟ್ ನೋಡಿ. ಪೈಪಿನ ದಪ್ಪ ಆಮೇಲೆ. ಪ್ಲೇಟ್ ದೊಡ್ಡದಿರಬೇಕು, 5 ಮಿಲಿಮೀಟರ್ ಆಸುಪಾಸಿನ ದಪ್ಪ ಇರಬೇಕು. ಚಾಸಿಯ ಪಕ್ಕದ ಗೋಡೆಗೆ ಒರಗಿ, ಹಾಗೇ ಮಡಚಿ ಕೆಳಭಾಗಕ್ಕೂ ಕೂತರೆ ಇನ್ನೂ ಚೆನ್ನ. ಆಗ ಬಂಡೆಯ ಒತ್ತಡ ನೇರವಾಗಿ ಚಾಸಿಯ ತಳಕ್ಕೆ ಹೋಗುತ್ತದೆ. ಬೋಲ್ಟಿಗೆ ಪ್ಲೇಟನ್ನು ಜಾಗದಲ್ಲಿ ಹಿಡಿದಿಡುವ ಕೆಲಸವಷ್ಟೇ ಉಳಿಯುತ್ತದೆ. ನನ್ನನ್ನು ಕೇಳಿದರೆ, ಪಕ್ಕದಲ್ಲಿ ಎರಡು ಬೋಲ್ಟ್ ಹಾಕಿ ಕೈಬಿಡುವ ಸ್ಲೈಡರನ್ನು ಅರ್ಧ ಬೆಲೆಗೆ ಕೊಟ್ಟರೂ ಮುಟ್ಟಬೇಡಿ. ಯು ಆಕಾರದ ಬೋಲ್ಟಿನಿಂದ ಚಾಸಿಯನ್ನು ತಬ್ಬಿಸಿ ಕೂರಿಸುವುದೂ ಅಷ್ಟಕ್ಕಷ್ಟೇ. ಬಂಡೆ ಹಿಂದಕ್ಕೆ ಎಳೆದಾಗ ಅದು ಜಾರುತ್ತದೆ.

ಬೋಲ್ಟ್ ಮುರಿಯುವುದು ಅಪರೂಪ, ಸಡಿಲ ಆಗುವುದು ಮಾಮೂಲಿ. ಪ್ಲೇಟಿಗೂ ಚಾಸಿಗೂ ನಡುವೆ ಸಿಕ್ಕಿಕೊಂಡ ಬಣ್ಣ ಮೊದಲ ಕೆಲವು ಹೊಡೆತಕ್ಕೆ ಒತ್ತಿ ತೆಳುವಾಗುತ್ತದೆ. ಬೋಲ್ಟಿನ ಬಿಗಿ ಅಲ್ಲೇ ಹೋಯಿತು. ಆಮೇಲೆ ಪ್ಲೇಟ್ ಅಲುಗಾಡಿ ಅಲುಗಾಡಿ ತೂತು ಅಗಲವಾಗುತ್ತದೆ. ಕೂರಿಸಿದ ಮೇಲೆ ಮೊದಲ ಆಫ್‌ರೋಡ್ ಓಡಾಟ ಮುಗಿದ ಕೂಡಲೇ ಟಾರ್ಕ್ ವ್ರೆಂಚ್ (ಎಷ್ಟು ಬಿಗಿ ಅಂತ ಅಳೆದು ತೋರಿಸುವ ಪಾನಾ) ಹಿಡಿದು ಎಲ್ಲ ಬೋಲ್ಟ್ ನೋಡಿ. ನಟ್ಟಿನಿಂದ ಪ್ಲೇಟಿಗೆ ಬಣ್ಣದಲ್ಲಿ ಒಂದು ಗೆರೆ ಎಳೆದಿಡಿ. ನಟ್ ತಿರುಗಿದ್ದರೆ ಗೆರೆ ತುಂಡಾಗಿ ಕಾಣುತ್ತದೆ, ಪ್ರತಿ ಸಲ ವ್ರೆಂಚ್ ಹುಡುಕುವ ತಾಪತ್ರಯ ಇಲ್ಲ.

ಇನ್ನೊಂದು ಮಾತು. ಚಾಸಿ ಪೆಟ್ಟಿಗೆಯ ಹಾಗೆ ನಾಲ್ಕೂ ಕಡೆ ಮುಚ್ಚಿದ್ದರೆ, ಆರಪಾರ ಹೋಗುವ ಬೋಲ್ಟನ್ನು ಬಿಗಿದಷ್ಟೂ ಎರಡು ಗೋಡೆಗಳು ಒಳಕ್ಕೆ ಬರುತ್ತವೆ. ಒಳಗೆ ಒಂದು ಪೈಪಿನ ತುಂಡು ಇಟ್ಟು ಅದರೊಳಗಿಂದ ಬೋಲ್ಟ್ ತೂರಿಸಬೇಕು. ಆದಷ್ಟೂ ಕಂಪನಿಯೇ ಬಿಟ್ಟಿರುವ ತೂತುಗಳನ್ನು ಬಳಸಿ. ಹೊಸ ತೂತು ಕೊರೆಯಲೇಬೇಕಾದರೆ ಪಕ್ಕದ ಗೋಡೆಯ ನಡುಭಾಗದಲ್ಲಿ ಕೊರೆಯಿರಿ, ಮೇಲಿನ ಮತ್ತು ಕೆಳಗಿನ ಮುಖ ಮುಟ್ಟಬೇಡಿ. ಗಾಡಿ ಬಾಗುವಾಗ ಜಾಸ್ತಿ ಎಳೆತ, ಒತ್ತಡ ಬೀಳುವುದು ಅಲ್ಲೇ. ಅಲ್ಲಿ ಕೊರೆದ ತೂತು ಬಿರುಕಿಗೆ ಬಾಗಿಲು.

ಈಗ ವೆಲ್ಡಿಂಗ್ ವಿಷಯ. ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. ಈಚಿನ ಎಷ್ಟೋ ಚಾಸಿಗಳು ಹೆಚ್ಚು ಗಟ್ಟಿಯ, ತೆಳುವಾದ ಸ್ಟೀಲಿನವು. ಆ ಗಟ್ಟಿತನದಲ್ಲಿ ಒಂದು ಪಾಲು ಕಾರ್ಖಾನೆಯಲ್ಲಿ ಕಾಯಿಸಿ, ತಣಿಸಿ ತಂದದ್ದು. ವೆಲ್ಡಿನ ಬಿಸಿ ತಾಗಿದ ಕಡೆ ಅದು ಕೆಡಬಹುದು. ಗಾಡಿ ತಯಾರಿಸುವ ಹಲವು ಕಂಪನಿಗಳು ಬಾಡಿ ಕಟ್ಟುವವರಿಗೆ ಅಂತ ಕೈಪಿಡಿ ಕೊಡುತ್ತವೆ, ಎಲ್ಲಿ ಕೊರೆಯಬಹುದು, ಎಲ್ಲಿ ವೆಲ್ಡ್ ಕೂಡದು ಅಂತ ಅದರಲ್ಲಿರುತ್ತದೆ. ನಿಮ್ಮ ಮಾದರಿಗೆ ಅದು ಇದ್ದರೆ ಯಾರ ಮಾತಿಗಿಂತಲೂ ಅದೇ ಮೇಲು. ವಾರಂಟಿ, ವಿಮೆ ಇನ್ನೂ ನಡೆಯುತ್ತಿದ್ದರೆ ಅವರನ್ನೂ ಕೇಳಿಕೊಳ್ಳಿ.

ಬಹಳ ಜನ ಮರೆಯುವ ತೊಂದರೆ ಚಾಸಿಯ ಒಳಗಿನದು. ಹೊರಗೆ ವೆಲ್ಡ್ ಮಾಡಿದಾಗ ಒಳಗಿನ ಬಣ್ಣ, ಮೇಣದ ಲೇಪ ಸುಟ್ಟುಹೋಗುತ್ತದೆ. ಹೊರಗೆ ಬಣ್ಣ ಬಳಿದು ಥಳಥಳ ಅನ್ನಿಸಬಹುದು. ಒಳಗೆ ಬರೀ ಕಬ್ಬಿಣ, ಅದರ ಮೇಲೆ ಕೆಸರು ನೀರು. ಕಣ್ಣಿಗೆ ಕಾಣದ ಕಡೆಯಿಂದ ತುಕ್ಕು ಶುರು. ವೆಲ್ಡ್ ಆರಿದ ಮೇಲೆ ಉದ್ದ ಮೂತಿಯ ಸ್ಪ್ರೇಯಿಂದ ಒಳಗೆ ಮೇಣ ಹೊಡೆಯಲೇಬೇಕು.

ಹಾಗಂತ ವೆಲ್ಡ್ ಸ್ಲೈಡರ್ ಕೆಟ್ಟದ್ದಲ್ಲ. ಹಳೆಯ, ದಪ್ಪ ಚಾಸಿಯ ಗಾಡಿ, ವಾರಂಟಿ ಕಥೆ ಮುಗಿದಿದೆ, ಬಂಡೆ ಹತ್ತುವುದೇ ಅದರ ಕೆಲಸ ಅಂತಾದರೆ ನಾನೂ ವೆಲ್ಡ್ ಅನ್ನುತ್ತೇನೆ. ಸಡಿಲ ಆಗುವ ಚಿಂತೆ ಇಲ್ಲ. ಕಾಲು ಎಲ್ಲಿ ಬರಬೇಕು, ಪೈಪು ಬಾಡಿಗೆ ಎಷ್ಟು ಹತ್ತಿರ ಇರಬೇಕು ಎಲ್ಲ ನಿಮ್ಮ ಇಷ್ಟ. ಆದರೆ ಅಲ್ಲೂ ಪ್ಲೇಟ್ ಬೇಕೇ ಬೇಕು. ಕಾಲಿನ ಪೈಪನ್ನು ನೇರವಾಗಿ ಚಾಸಿಗೆ ಅಂಟಿಸುವವನು ವೆಲ್ಡರ್ ಅಲ್ಲ ಬಿಡಿ. ಪ್ಲೇಟಿನ ಮೂಲೆಗಳು ಗುಂಡಾಗಿರಲಿ. ವೆಲ್ಡ್ ಗೆರೆ ಚಾಸಿಯ ಉದ್ದಕ್ಕೆ ಹೋಗಲಿ, ಮೇಲಿನ ಮತ್ತು ಕೆಳಗಿನ ಮುಖಕ್ಕೆ ಅಡ್ಡವಾಗಿ ಬೇಡ. ಬ್ಯಾಟರಿ ಕಳಚಿ, ಅರ್ತ್ ಕ್ಲಾಂಪನ್ನು (ವೆಲ್ಡಿಂಗ್ ಕರೆಂಟು ಯಂತ್ರಕ್ಕೆ ವಾಪಸ್ ಹೋಗುವ ಕ್ಲಿಪ್ಪು) ವೆಲ್ಡ್ ಜಾಗದ ಪಕ್ಕದಲ್ಲೇ ಹಾಕಬೇಕು. ಇಲ್ಲವಾದರೆ ಕರೆಂಟು ಗಾಡಿಯ ಕಂಪ್ಯೂಟರ್ ಕಡೆಗೂ ದಾರಿ ಹುಡುಕಬಹುದು. ಬ್ರೇಕ್ ಪೈಪು, ಡೀಸೆಲ್ ಪೈಪು, ವೈರು ಎಲ್ಲ ಅಲ್ಲೇ ಹಾದುಹೋಗಿರುತ್ತವೆ. ಅವನ್ನು ಸರಿಸಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತೆ ಇಟ್ಟುಕೊಳ್ಳದೆ ವೆಲ್ಡಿಂಗ್ ಶುರು ಮಾಡುವವರ ಹತ್ತಿರ ಗಾಡಿ ಬಿಡಬೇಡಿ.

ಎಷ್ಟೇ ಗಟ್ಟಿ ಇದ್ದರೂ ಒಂದಲ್ಲ ಒಂದು ದಿನ ಸ್ಲೈಡರ್ ಬಾಗುತ್ತದೆ. ಬೋಲ್ಟಿನದ್ದಾದರೆ ಬಿಚ್ಚಿ ಬೇರೆ ಹಾಕಬಹುದು, ಗಾಡಿ ಮಾರುವಾಗ ಕಳಚಿಕೊಳ್ಳಬಹುದು. ವೆಲ್ಡಿನದ್ದಾದರೆ ಗ್ರೈಂಡರ್, ಕಿಡಿ, ಮತ್ತೆ ಬಿಸಿ. ದಿನಾ ಓಡಿಸುವ ಗಾಡಿಗೆ ನಾನು ಬೋಲ್ಟ್ ಅನ್ನುವುದಕ್ಕೆ ಇದೂ ಒಂದು ಕಾರಣ.

ಇಷ್ಟು ಹೊತ್ತು ಹೇಳಿದ್ದು ಬಾಡಿ ಬೇರೆ, ಚಾಸಿ ಬೇರೆ ಇರುವ ಗಾಡಿಗಳಿಗೆ: ಹೈಲಕ್ಸ್, ಲ್ಯಾಂಡ್ ಕ್ರೂಸರ್ 70, ಜಿಮ್ನಿ, ರ‍್ಯಾಂಗ್ಲರ್ ಥರದವು. ಈಗಿನ ಲ್ಯಾಂಡ್ ರೋವರ್ ಡಿಫೆಂಡರ್‌ನಲ್ಲಿ ಬೇರೆ ಚಾಸಿಯೇ ಇಲ್ಲ, ಬಾಡಿಯೇ ಅಲ್ಯೂಮಿನಿಯಂ. ಅದಕ್ಕೆ ಸ್ಟೀಲ್ ಸ್ಲೈಡರನ್ನು ವೆಲ್ಡ್ ಮಾಡುವ ಮಾತೇ ಬರುವುದಿಲ್ಲ. ಇನ್ನು ಹಳೆಯ ಗಾಡಿ ಯಾವುದಾದರೂ ಸರಿ, ಮೊದಲು ಸುತ್ತಿಗೆಯಿಂದ ಚಾಸಿ ತಟ್ಟಿ ನೋಡಿ. ಟಣ್ ಅನ್ನದೆ ಡಬ್ ಅಂದರೆ, ತುಕ್ಕಿನ ಸಿಪ್ಪೆ ಉದುರಿದರೆ, ಸ್ಲೈಡರ್ ಆಸೆ ಬಿಟ್ಟು ಚಾಸಿ ರಿಪೇರಿ ನೋಡಿಕೊಳ್ಳಿ.

ಕೊಳ್ಳುವಾಗ ಇನ್ನೆರಡು ನೋಡಿ. ಪೈಪು 44 ಮಿಲಿಮೀಟರ್ ಆಸುಪಾಸಿನ ಅಗಲ, 3 ಮಿಲಿಮೀಟರ್ ಗೋಡೆ ಇದ್ದರೆ ನಿಮಗೆ ಸಾಕು. ಬಾಡಿಗೂ ಪೈಪಿಗೂ ಎರಡು ಸೆಂಟಿಮೀಟರಾದರೂ ಸಂದು ಇರಲಿ. ಬಾಡಿ ರಬ್ಬರ್ ಮೇಲೆ ಕೂತಿರುವುದರಿಂದ ಚಾಸಿ ತಿರುಚಿದಾಗ ಅದು ಬೇರೆಯೇ ಅಲುಗಾಡುತ್ತದೆ, ಅಂಟಿಕೊಂಡಿದ್ದರೆ ಸ್ಲೈಡರೇ ಬಾಗಿಲಿಗೆ ಗುದ್ದುತ್ತದೆ. ಹಿಂದಿನ ತುದಿ ಹೊರಕ್ಕೆ ಬಾಗಿರುವ ಮಾದರಿ ಸಿಕ್ಕರೆ ಅದನ್ನೇ ತಗೊಳ್ಳಿ. ಮರಕ್ಕೋ ಬಂಡೆಗೋ ಒರಗಿ ತಿರುಗುವಾಗ ಅದು ಗಾಡಿಯ ಹಿಂಭಾಗವನ್ನು ಆಚೆ ತಳ್ಳುತ್ತದೆ.

ಪ್ರಶ್ನೆ: ಹೈಲಿಫ್ಟ್ ಜಾಕನ್ನು (ಉದ್ದ ಕಂಬದ ಮೇಲೆ ಹತ್ತುವ ಎತ್ತರದ ಜಾಕ್) ಸ್ಲೈಡರ್‌ಗೆ ಕೊಟ್ಟು ಗಾಡಿ ಎತ್ತಬಹುದಾ?

ಉತ್ತರ: ಚಾಸಿಗೆ ಗಟ್ಟಿಯಾಗಿ ಕೂತ ಸ್ಲೈಡರ್ ಆದರೆ ಎತ್ತಬಹುದು. ಎತ್ತಲು ಆಗದಿದ್ದರೆ ಅದು ಬಂಡೆಗೂ ಬಾರದು ಅನ್ನಿ. ಜಾಕನ್ನು ಕಾಲಿನ ಹತ್ತಿರ ಕೊಡಿ, ಎರಡು ಕಾಲುಗಳ ನಡುವೆ ಬೇಡ. ದುಂಡು ಪೈಪಿನ ಮೇಲೆ ಜಾಕ್ ಜಾರುತ್ತದೆ, ಅದಕ್ಕೆ ಹೊಂದುವ ಅಡಾಪ್ಟರ್ ಇಟ್ಟುಕೊಳ್ಳಿ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಯಾವತ್ತೂ ನುಸುಳಬೇಡಿ.

ಪ್ರಶ್ನೆ: ಪೌಡರ್ ಕೋಟಿಂಗ್ (ಪುಡಿ ಬಣ್ಣ ಹಾಕಿ ಕಾಯಿಸಿ ಕೂರಿಸುವುದು) ಒಳ್ಳೆಯದಾ, ಬರೀ ಪೇಂಟ್ ಸಾಕಾ?

ಉತ್ತರ: ಕಲ್ಲಿಗೆ ಉಜ್ಜುವ ಸಾಮಾನಿಗೆ ನಾನು ಪೇಂಟ್ ಅನ್ನುತ್ತೇನೆ. ಪೌಡರ್ ಕೋಟಿಂಗ್ ನೋಡಲು ಚಂದ, ಆದರೆ ಒಂದು ಕಡೆ ಎದ್ದರೆ ನೀರು ಅದರಡಿ ಹೊಕ್ಕು ತುಕ್ಕು ಹರಡುತ್ತದೆ, ಆಮೇಲೆ ಸಿಪ್ಪೆ ಸಿಪ್ಪೆಯಾಗಿ ಕಿತ್ತು ಬರುತ್ತದೆ. ಪೇಂಟ್ ಆದರೆ ಮನೆಯಲ್ಲೇ ವೈರ್ ಬ್ರಷ್‌ನಿಂದ ಉಜ್ಜಿ, ಪ್ರೈಮರ್ ಹೊಡೆದು, ಮತ್ತೆ ಕಪ್ಪು ಸ್ಪ್ರೇ ಹಾಕಿದರೆ ಮುಗಿಯಿತು.