925 ಬೆಳ್ಳಿ ಅಪ್ಪಟ ಬೆಳ್ಳಿಗಿಂತ ಬೇಗ ಕಪ್ಪಾಗುವುದು ಯಾಕೆ?

ಅದರಲ್ಲಿರುವ ತಾಮ್ರದಿಂದ. ಅಪ್ಪಟ ಬೆಳ್ಳಿ ತುಂಬಾ ಮೆತ್ತಗೆ, ಗೆಜ್ಜೆಯ ಕೊಂಡಿ ಸುಮ್ನೆ ಎಳೆದರೂ ಬಗ್ಗಿಬಿಡುತ್ತದೆ. ಗಟ್ಟಿ ಬರಲೆಂದು 1000 ಪಾಲಿನಲ್ಲಿ 925 ಬೆಳ್ಳಿ ಇಟ್ಟು, ಉಳಿದ 75 ಪಾಲು ಸಾಮಾನ್ಯವಾಗಿ ತಾಮ್ರ ಬೆರೆಸುತ್ತಾರೆ.

ಕಪ್ಪಾಗುವುದು ಕಬ್ಬಿಣದ ಥರ ತುಕ್ಕು ಹಿಡಿದಲ್ಲ. ಬೆಳ್ಳಿಗೆ ಆಗಿಬರದಿರುವುದು ಗಂಧಕ. ಗಾಳಿಯಲ್ಲಿ ಚೂರೇಚೂರು ಹೈಡ್ರೋಜನ್ ಸಲ್ಫೈಡ್ ಎಂಬ ಗಂಧಕದ ಅನಿಲ ಇರುತ್ತದೆ, ಕೊಳೆತ ಮೊಟ್ಟೆ ನಾರುವುದು ಇದರಿಂದಲೇ. ಅದು ತಗುಲಿದಾಗ ಮೇಲೆ ಬೆಳ್ಳಿ ಸಲ್ಫೈಡಿನ ತೆಳು ಪದರ ಕೂರುತ್ತದೆ. ಮೊದಲು ಹಳದಿ, ಆಮೇಲೆ ಕಂದು, ಕೊನೆಗೆ ಕಪ್ಪು. ಅಪ್ಪಟ ಬೆಳ್ಳಿಗೂ ಇದು ತಪ್ಪಿದ್ದಲ್ಲ, ಆದರೆ ನಿಧಾನ. ತಾಮ್ರ ಹಾಗಲ್ಲ. ಗಂಧಕದ ಜೊತೆಗೆ ಆಮ್ಲಜನಕಕ್ಕೂ ಬೇಗ ಸಿಕ್ಕಿಬೀಳುತ್ತದೆ.

ಒಂದಿಷ್ಟು ತಾಮ್ರದ ಬದಲು ಜರ್ಮೇನಿಯಂ ಎಂಬ ಧಾತು ಸೇರಿಸಿದರೆ ಕಪ್ಪಾಗುವುದು ಎಷ್ಟೋ ತಡವಾಗುತ್ತದೆ. ಆರ್ಜೆಂಟಿಯಂ ಹೆಸರಿನ ಬೆಳ್ಳಿ ಇಂಥದ್ದೇ. ಜರ್ಮೇನಿಯಂ ಆಮ್ಲಜನಕದ ಜೊತೆ ಸೇರಿ ಮೇಲೆ ಕಣ್ಣಿಗೆ ಕಾಣದ ಪೊರೆ ಕಟ್ಟುತ್ತದೆ. ಗಂಧಕಕ್ಕೆ ಒಳಗೆ ದಾರಿ ಸಿಗುವುದು ಕಷ್ಟ. ಬೆಲೆ ಮಾತ್ರ ಜಾಸ್ತಿ.

ಅಂದಹಾಗೆ, ಬೆಳ್ಳಿ ಚಮಚಗಳಿಗೆ ರಬ್ಬರ್ ಬ್ಯಾಂಡ್ ಸುತ್ತಿಡಬೇಡಿ. ರಬ್ಬರಿನಲ್ಲೂ ಗಂಧಕ ಇರುತ್ತದೆ, ಸುತ್ತಿದ ಕಡೆ ನೀಟಾಗಿ ಕಪ್ಪು ಗೆರೆ ಬೀಳುತ್ತದೆ.